ನಿಂತ ಉಗಿಬಂಡಿ ಮತ್ತೆ ಬೆಟ್ಟ ಹತ್ತಿದ ಬಗೆ



ಕೋವಿಡ್ ಕಾಲದಲ್ಲಿ ಮುಚ್ಚಿದ ಒಂದು ಬಟ್ಟೆ ಅಂಗಡಿಯನ್ನು ಮತ್ತೆ ತೆರೆಯಲು ಏನು ಬೇಕಿತ್ತು? ಬೀಗ ತೆಗೆಯಬೇಕು, ದೂಳು ಹೊಡೆಯಬೇಕು, ಬಾಗಿಲಲ್ಲಿ ಕೈಗೆ ಹಚ್ಚುವ ದ್ರಾವಣದ ಬಾಟಲಿ ಇಡಬೇಕು. ಚಿತ್ರಮಂದಿರಕ್ಕೂ ಹೆಚ್ಚುಕಡಿಮೆ ಅಷ್ಟೇ. ವಸ್ತುಸಂಗ್ರಹಾಲಯವಾದರೆ ಇನ್ನೂ ಸುಲಭ. ಅಲ್ಲಿನ ಕಲ್ಲಿನ ವಿಗ್ರಹಕ್ಕೆ ಒಂಬತ್ತು ತಿಂಗಳು ಯಾರೂ ನೋಡಲು ಬರಲಿಲ್ಲವೆಂದು ನಷ್ಟವೇನೂ ಆಗುವುದಿಲ್ಲ. ಆದರೆ ಉಗಿಯಿಂದ ಓಡುವ ಹಳೆಯ ರೈಲೊಂದು ಒಂಬತ್ತು ತಿಂಗಳು ನಿಂತರೆ ಅದರ ಕಥೆಯೇ ಬೇರೆ. ಅದು ನಿಂತಲ್ಲೇ ಹಾಳಾಗುತ್ತದೆ. ಅದರ ಕಬ್ಬಿಣ ಹಾಳಾಗುತ್ತದೆ, ಅದರ ಹಾದಿ ಹಾಳಾಗುತ್ತದೆ, ಅದನ್ನು ಓಡಿಸುವವರ ಕೈಗೆ ಅಭ್ಯಾಸ ತಪ್ಪುತ್ತದೆ. ನಮ್ಮ ನೆರೆಯ ನೀಲಗಿರಿಯ ಬೆಟ್ಟದ ರೈಲು ನಿಂತು ಮತ್ತೆ ಹೊರಟ ಪ್ರಸಂಗವನ್ನು ಇಟ್ಟುಕೊಂಡು ಈ ಸಂಗತಿಯನ್ನು ಇಂದು ಸ್ವಲ್ಪ ವಿವರವಾಗಿ ನೋಡಬಹುದು.

ಮೊದಲು ತಾರೀಖುಗಳು. 2020ರ ಮಾರ್ಚ್‌ನಲ್ಲಿ ದೇಶದ ಪ್ರಯಾಣಿಕ ರೈಲುಗಳೆಲ್ಲ ನಿಂತವು. 1853ರಲ್ಲಿ ಮುಂಬಯಿ–ಠಾಣೆ ನಡುವೆ ಮೊದಲ ರೈಲು ಓಡಿದಂದಿನಿಂದ ಇಂಥದೊಂದು ಸಂಪೂರ್ಣ ನಿಲುಗಡೆ ಆಗಿರಲಿಲ್ಲ. ಯುದ್ಧಗಳು ಬಂದವು, ಮುಷ್ಕರಗಳು ಬಂದವು. ಎಲ್ಲೋ ಒಂದೆಡೆ ಯಾವುದಾದರೂ ಗಾಡಿ ಓಡುತ್ತಲೇ ಇತ್ತು. ಮೆಟ್ಟುಪಾಳ್ಯದಿಂದ ಉದಕಮಂಡಲಕ್ಕೆ ಹೋಗುವ ನೀಲಗಿರಿ ರೈಲೂ ಆ ಮಾರ್ಚ್‌ನಲ್ಲೇ ನಿಂತಿತು. ಸಾರ್ವಜನಿಕರಿಗೆ ಅದು ಮತ್ತೆ ತೆರೆದದ್ದು ಆ ವರ್ಷದ ಕೊನೆಯ ದಿನ, ಡಿಸೆಂಬರ್ 31ರಂದು. ನಾಲ್ಕು ತಿಂಗಳು ಓಡುವಷ್ಟರಲ್ಲಿ ಎರಡನೆಯ ಅಲೆ ಬಂತು. 2021ರ ಏಪ್ರಿಲ್‌ನಲ್ಲಿ ಪುನಃ ಬಂದ್. ಸೆಪ್ಟೆಂಬರ್ 6ರಂದು ಪುನಃ ಆರಂಭ. ಅಂದರೆ ಒಂದೂವರೆ ವರ್ಷದಲ್ಲಿ ಈ ರೈಲನ್ನು ಎರಡು ಸಲ ಮಲಗಿಸಿ ಎರಡು ಸಲ ಎಬ್ಬಿಸಬೇಕಾಯಿತು.

ಮೈಸೂರು, ಬೆಂಗಳೂರಿನಿಂದ ಊಟಿಗೆ ಹೋಗುವವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ನಮ್ಮವರು ಹೋಗುವುದು ಬಂಡೀಪುರದ ಕಾಡಿನ ದಾರಿಯಲ್ಲಿ, ಬೆಟ್ಟದ ಉತ್ತರದ ಮಗ್ಗುಲಿನಿಂದ. ಊಟಿ ತಲುಪಿ, ಅಲ್ಲಿಂದ ಕೂನೂರಿಗೆ ರೈಲಿನಲ್ಲಿ ಒಂದು ಸುತ್ತು ಹೋಗಿ ಬಂದು, ಉಗಿಬಂಡಿಯಲ್ಲಿ ಕುಳಿತು ಬಂದೆವೆಂದು ಊರಲ್ಲಿ ಹೇಳುತ್ತಾರೆ. ಆ ಭಾಗದಲ್ಲಿ ಗಾಡಿಯನ್ನು ಎಳೆಯುವುದು ಸಾಮಾನ್ಯವಾಗಿ ಡೀಸೆಲ್ ಎಂಜಿನ್. ನಿಜವಾದ ಉಗಿಯ ಕೆಲಸ ಇರುವುದು ಬೆಟ್ಟದ ಇನ್ನೊಂದು ಮಗ್ಗುಲಲ್ಲಿ, ಕೊಯಮತ್ತೂರು ಕಡೆಯ ಬಯಲಿನಿಂದ ಕೂನೂರಿನವರೆಗೆ. ಆ ಪ್ರಯಾಣಕ್ಕೆ ಮೆಟ್ಟುಪಾಳ್ಯದಲ್ಲಿ ಬೆಳಗಿನ ಏಳು ಗಂಟೆಯೊಳಗೆ ಹಾಜರಿರಬೇಕು. ಆದ್ದರಿಂದಲೇ ಕನ್ನಡಿಗರಲ್ಲಿ ಅದನ್ನು ಕಂಡವರು ಕಡಿಮೆ.

ಈ ಮಾರ್ಗದ ಪ್ರಸ್ತಾಪ ಮೊದಲು ಬಂದದ್ದು 1854ರಲ್ಲಿ. ಭಾರತಕ್ಕೆ ರೈಲು ಬಂದ ಮರುವರ್ಷವೇ ಬೆಟ್ಟಕ್ಕೂ ರೈಲು ಬೇಕೆಂಬ ಮಾತು ಹುಟ್ಟಿತ್ತು. ಮದರಾಸಿನ ಆಳರಸರಿಗೆ ಬೇಸಗೆಯ ಸೆಕೆ ತಡೆಯದು. ಊಟಿ ಅವರ ಬೇಸಗೆ ರಾಜಧಾನಿ. ಆದರೂ ಕೆಲಸ ಶುರುವಾಗಲು 1891 ಬರಬೇಕಾಯಿತು. ನಡುವಿನ ಮೂವತ್ತೇಳು ವರ್ಷಗಳಲ್ಲಿ ಯೋಜನೆಗಳು ಬಂದವು, ಹೋದವು. ಕೈಹಾಕಿದ ಮೊದಲ ಕಂಪನಿ ಹಣ ಸಾಲದೆ ಮುಳುಗಿತು. ಕೊನೆಗೆ 1899ರಲ್ಲಿ ಕೂನೂರಿನವರೆಗೆ ರೈಲು ಬಂತು. ಅಲ್ಲಿಂದ ಊಟಿ ತಲುಪಲು ಇನ್ನೊಂಬತ್ತು ವರ್ಷ. 1908ರಲ್ಲಿ ಮಾರ್ಗ ಪೂರ್ಣವಾಯಿತು. ಸಮುದ್ರಮಟ್ಟದಿಂದ 326 ಮೀಟರ್ ಎತ್ತರದಲ್ಲಿ ಹೊರಟು 2,203 ಮೀಟರ್ ಎತ್ತರಕ್ಕೆ ಏರುವ ಈ ಹಾದಿಯ ಉದ್ದ ಸುಮಾರು 46 ಕಿಲೋಮೀಟರ್ ಮಾತ್ರ. ಅಷ್ಟರಲ್ಲೇ 208 ತಿರುವು, 16 ಸುರಂಗ, 250 ಸೇತುವೆ. 2005ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಡಾರ್ಜಿಲಿಂಗ್ ರೈಲು 1999ರಲ್ಲೇ ಆ ಪಟ್ಟಿ ಸೇರಿತ್ತು. ಕಾಲ್ಕಾ–ಶಿಮ್ಲಾ ರೈಲು 2008ರಲ್ಲಿ ಸೇರಿತು.

ಈ ಏರು ಎಂಥದೆಂದು ತಿಳಿಯಲು ನಮ್ಮದೇ ಒಂದು ಘಾಟಿಯನ್ನು ನೆನೆಯಬಹುದು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲು ಹಾದಿ ಕಡಿದಾದದ್ದೆಂದು ಪ್ರಸಿದ್ಧ. ಅಲ್ಲಿ 50 ಅಡಿ ಮುಂದೆ ಹೋದರೆ ಒಂದು ಅಡಿ ಏರು. ನೀಲಗಿರಿಯ ಹಾದಿಯಲ್ಲಿ ಕಲ್ಲಾರ್ ದಾಟಿದ ಮೇಲೆ ಹನ್ನೆರಡು ಅಡಿ ಮುಂದೆ ಹೋಗುವಷ್ಟರಲ್ಲೇ ಸುಮಾರು ಒಂದು ಅಡಿ ಮೇಲೇರಬೇಕು. ನುಣುಪಾದ ಉಕ್ಕಿನ ಹಳಿಯ ಮೇಲೆ ನುಣುಪಾದ ಉಕ್ಕಿನ ಚಕ್ರ ಅಂಥ ಏರಿನಲ್ಲಿ ನಿಲ್ಲಲಾರದು; ಜಾರುತ್ತದೆ. ಎಂಜಿನ್ ಎಷ್ಟು ಬಲಿಷ್ಠವಾಗಿದ್ದರೂ ಚಕ್ರ ಇದ್ದಲ್ಲೇ ಗರಗರ ತಿರುಗುತ್ತದೆಯೇ ಹೊರತು ಗಾಡಿ ಮೇಲೆ ಹೋಗುವುದಿಲ್ಲ.

ಇದಕ್ಕೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ರೋಮನ್ ಆಬ್ಟ್ ಕಂಡುಹಿಡಿದ ಉಪಾಯ ಬಹಳ ಸೊಗಸಾದದ್ದು. ಎರಡು ಹಳಿಗಳ ನಡುವೆ, ಮೇಲ್ಮುಖವಾಗಿ ಗರಗಸದಂತೆ ಹಲ್ಲುಗಳಿರುವ ಎರಡು ಉಕ್ಕಿನ ಪಟ್ಟಿಗಳನ್ನು ಅಕ್ಕಪಕ್ಕ ಹಾಸುವುದು. ಎಂಜಿನ್ನಿನ ಹೊಟ್ಟೆಯ ಕೆಳಗೆ ಹಲ್ಲಿನ ಚಕ್ರಗಳನ್ನು ಕೂರಿಸುವುದು. ಈ ಚಕ್ರದ ಹಲ್ಲು ಆ ಪಟ್ಟಿಯ ಹಲ್ಲಿನ ಸಂದಿಗೆ ಕೂತು, ಏಣಿ ಹತ್ತುವವನು ಮೆಟ್ಟಿಲಿಂದ ಮೆಟ್ಟಿಲಿಗೆ ಕಾಲಿಡುವಂತೆ, ಗಾಡಿ ಹತ್ತುತ್ತ ಹೋಗುತ್ತದೆ. ಪಟ್ಟಿ ಒಂದಲ್ಲ, ಎರಡು. ಒಂದರ ಹಲ್ಲು ಇರುವಲ್ಲಿ ಪಕ್ಕದ್ದರ ಸಂದಿ ಬರುವಂತೆ ಅವನ್ನು ಸ್ವಲ್ಪ ಹಿಂದುಮುಂದಾಗಿ ಜೋಡಿಸಿದ್ದಾರೆ. ಹಿಡಿತ ಒಂದು ಕ್ಷಣವೂ ಬಿಡಬಾರದೆಂಬ ಮುನ್ನೆಚ್ಚರಿಕೆ ಅದು. ಕಲ್ಲಾರ್‌ನಿಂದ ಕೂನೂರಿನವರೆಗೆ ಸುಮಾರು 19 ಕಿಲೋಮೀಟರ್ ಉದ್ದಕ್ಕೂ ಈ ಹಲ್ಲುಹಳಿ ಹಾಸಿದೆ. ಭಾರತದಲ್ಲಿ ಇಂಥ ಹಳಿಯ ಮೇಲೆ ಪ್ರಯಾಣಿಕರನ್ನು ಒಯ್ಯುವ ಮಾರ್ಗ ಇದೊಂದೇ. ಡಾರ್ಜಿಲಿಂಗಿನವರು ಹಲ್ಲುಹಳಿ ಹಾಕಲಿಲ್ಲ; ಅಲ್ಲಿ ಹಾದಿಯನ್ನೇ ಸುರುಳಿ ಸುತ್ತಿಸಿ, ಅಲ್ಲಲ್ಲಿ ಗಾಡಿಯನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿ ಎತ್ತರ ಗಳಿಸಿದರು.

ಎಂಜಿನ್ನೂ ಈ ಹಾದಿಗೆಂದೇ ಹುಟ್ಟಿದ್ದು. ಎಕ್ಸ್ ವರ್ಗದ ಈ ಎಂಜಿನ್ನುಗಳನ್ನು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಪಟ್ಟಣದ ಕಾರ್ಖಾನೆ 1914ರಿಂದ 1925ರವರೆಗೆ, ಆಮೇಲೆ 1952ರಲ್ಲಿ ತಯಾರಿಸಿ ಕಳಿಸಿತು. ತೂಕ ಸುಮಾರು 50 ಟನ್. ಪತ್ರಿಕೆಗಳೂ ಪ್ರವಾಸಿಗರೂ ಇದನ್ನು ಆಟಿಕೆ ರೈಲು ಎನ್ನುವುದುಂಟು. 50 ಟನ್ನಿನ ಆಟಿಕೆಯನ್ನು ಯಾವ ಮಗು ಆಡೀತು! ಇದರಲ್ಲಿ ಎರಡು ಜೋಡಿ ಸಿಲಿಂಡರುಗಳಿವೆ. ಸಮತಟ್ಟಿನಲ್ಲಿ ಒಂದು ಜೋಡಿ ಮಾತ್ರ ದುಡಿದು ಸಾಮಾನ್ಯ ಚಕ್ರಗಳನ್ನು ತಿರುಗಿಸುತ್ತದೆ. ಹಲ್ಲುಹಳಿ ಬಂದಾಗ, ಮೊದಲ ಜೋಡಿಯಲ್ಲಿ ದುಡಿದ ಉಗಿಯನ್ನು ಹೊಗೆಗೊಳವೆಗೆ ಬಿಡದೆ ಎರಡನೆಯ ಜೋಡಿಗೆ ಹಾಯಿಸುತ್ತಾರೆ. ಆ ಜೋಡಿ ಹಲ್ಲಿನ ಚಕ್ರಗಳನ್ನು ತಿರುಗಿಸುತ್ತದೆ. ಒಂದೇ ಉಗಿಯಿಂದ ಎರಡು ಕೆಲಸ.

ಇನ್ನೊಂದು ವಿಶೇಷ: ಏರುವಾಗ ಎಂಜಿನ್ ಗಾಡಿಯ ಮುಂದೆ ಇರುವುದಿಲ್ಲ, ಹಿಂದೆ ಇದ್ದು ತಳ್ಳುತ್ತದೆ. ಬೋಗಿಯ ಕೊಂಡಿಯೊಂದು ಕಳಚಿದರೂ ಬೋಗಿ ಕಣಿವೆಗೆ ಉರುಳದೆ ಎಂಜಿನ್ನಿಗೇ ಒರಗಿ ನಿಲ್ಲಲಿ ಎಂಬುದು ಇದರ ತಾತ್ಪರ್ಯ. ಹಾಗಾದರೆ ಮುಂದಿನ ಹಾದಿ ಚಾಲಕನಿಗೆ ಕಾಣುವುದು ಹೇಗೆ? ಕಾಣುವುದಿಲ್ಲ. ಮುಂದಿನ ಬೋಗಿಯ ಕಟ್ಟೆಯ ಮೇಲೆ ನಿಂತ ಬ್ರೇಕ್‌ಮನ್ ನೋಡುತ್ತಾನೆ. ಪ್ರತಿ ಬೋಗಿಗೂ ಒಬ್ಬ ಬ್ರೇಕ್‌ಮನ್. ಚಾಲಕನ ಸೀಟಿಗೆ ಕಿವಿಗೊಟ್ಟು ಒಬ್ಬೊಬ್ಬರೂ ತಮ್ಮ ತಮ್ಮ ಬೋಗಿಯ ಬ್ರೇಕನ್ನು ಕೈಯಿಂದ ಬಿಗಿಯುತ್ತಾರೆ, ಸಡಿಲಿಸುತ್ತಾರೆ. ಬಯಲಿನ ರೈಲಿನಲ್ಲಿ ಒಬ್ಬ ಚಾಲಕ ಒಂದು ಹಿಡಿಕೆಯಿಂದ ಮಾಡುವ ಕೆಲಸವನ್ನು ಇಲ್ಲಿ ಐದಾರು ಮಂದಿ ಒಂದೇ ಮನಸ್ಸಿನಿಂದ ಮಾಡಬೇಕು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ, ಇಂಥ ಎಂಜಿನ್ ಲೋಕೋ ಶೆಡ್ಡಿನಲ್ಲಿ ಸುಮ್ಮನೆ ನಿಂತರೆ ಏನಾಗುತ್ತದೆ ನೋಡೋಣ.

ಉಗಿ ಎಂಜಿನ್ನಿನ ಜೀವ ಇರುವುದು ಬಾಯ್ಲರಿನಲ್ಲಿ. ಅದು ದಪ್ಪ ಉಕ್ಕಿನ ಹಂಡೆ. ಒಳಗೆ ಹತ್ತಾರು ಕೊಳವೆಗಳು. ಬೆಂಕಿಯ ಕಾವು ಕೊಳವೆಯೊಳಗೆ ಹಾದುಹೋಗುತ್ತದೆ, ಸುತ್ತ ನೀರು. ದಿನವೂ ಕಾಯುತ್ತ ದಿನವೂ ದುಡಿಯುವ ಬಾಯ್ಲರಿಗೆ ಅಷ್ಟು ಭಯವಿಲ್ಲ. ಕಾದ ನೀರಿನಿಂದ ಗಾಳಿಯ ಆಮ್ಲಜನಕ ಹೊರಟುಹೋಗಿರುತ್ತದೆ. ತಣ್ಣಗೆ ನಿಂತ ನೀರು ಹಾಗಲ್ಲ. ಅದು ಗಾಳಿಯನ್ನು ಕುಡಿದು ಉಕ್ಕನ್ನು ತಿನ್ನತೊಡಗುತ್ತದೆ. ಅದೂ ಒಂದೇ ಸಮನಾಗಿ ತಿನ್ನುವುದಿಲ್ಲ. ನೀರಿನ ಮಟ್ಟ ಎಲ್ಲಿದೆಯೋ ಆ ಗೆರೆಯಲ್ಲಿ, ಕೊಳವೆಯ ಬುಡದಲ್ಲಿ, ಕಣ್ಣಿಗೆ ಕಾಣದ ಕಡೆ ಗುಂಡಿ ಗುಂಡಿಯಾಗಿ ತಿನ್ನುತ್ತದೆ. ಆದ್ದರಿಂದ ಬಹಳ ದಿನ ನಿಲ್ಲಿಸುವ ಬಾಯ್ಲರನ್ನು ಒಂದೋ ಪೂರ್ತಿ ಬರಿದು ಮಾಡಿ ಒಳಗೆಲ್ಲ ಒಣಗಿಸಬೇಕು, ಇಲ್ಲವೇ ಔಷಧ ಬೆರೆಸಿದ ನೀರನ್ನು ಗಾಳಿಗೆ ಜಾಗವೇ ಇಲ್ಲದಂತೆ ಕಂಠಪೂರ್ತಿ ತುಂಬಿಡಬೇಕು. ಅರ್ಧ ತುಂಬಿ ಮರೆತುಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. 2020ರ ಮಾರ್ಚ್‌ನಲ್ಲಿ ಜಗತ್ತಿನ ಉಗಿ ರೈಲುಗಳವರೆಲ್ಲ ಎದುರಿಸಿದ ಪೇಚಾಟ ಇದೇ. ಮೂರು ವಾರವೆಂದು ಹೇಳಿ ಮುಚ್ಚಿಸಿದ್ದರು. ಮೂರು ವಾರಕ್ಕೆ ಮಾಡುವ ಏರ್ಪಾಟು ಬೇರೆ, ಒಂಬತ್ತು ತಿಂಗಳಿಗೆ ಮಾಡುವ ಏರ್ಪಾಟು ಬೇರೆ.

ಮತ್ತೆ ಎಬ್ಬಿಸುವುದು ಇನ್ನೂ ನಾಜೂಕಿನ ಕೆಲಸ. ಮೊದಲು ಬಾಯ್ಲರಿನ ಕೈಕಿಂಡಿಗಳನ್ನು ಬಿಚ್ಚಿ ಒಳಗೆ ನೀರು ಹೊಡೆದು ಕೆಸರನ್ನೂ ಸುಣ್ಣದ ಗಟ್ಟಿ ಪದರವನ್ನೂ ತೊಳೆಯಬೇಕು. ಆಮೇಲೆ ತಣ್ಣೀರು ತುಂಬಿ, ದುಡಿಯುವಾಗ ಇರುವ ಒತ್ತಡಕ್ಕಿಂತ ಹೆಚ್ಚಿನ ಒತ್ತಡ ಕೊಟ್ಟು, ಎಲ್ಲಿಯಾದರೂ ಸೋರುತ್ತದೆಯೇ ಎಂದು ಪರೀಕ್ಷಿಸಬೇಕು. ಪರೀಕ್ಷೆಗೆ ಉಗಿಯ ಬದಲು ತಣ್ಣೀರನ್ನೇ ಬಳಸುವುದಕ್ಕೆ ಕಾರಣವಿದೆ. ನೀರಿನ ಬಾಯ್ಲರ್ ಬಿರುಕು ಬಿಟ್ಟರೆ ನೆಲ ಒದ್ದೆಯಾಗುತ್ತದೆ. ಉಗಿಯ ಬಾಯ್ಲರ್ ಬಿರುಕು ಬಿಟ್ಟರೆ ಹತ್ತಿರ ಇದ್ದವರು ಉಳಿಯುವುದಿಲ್ಲ. ಬೆಂಕಿಗೂಡಿನ ನೆತ್ತಿಯಲ್ಲಿ ಒಂದು ಸೀಸದ ಬೆಣೆ ಇರುತ್ತದೆ. ನೀರು ಅಪಾಯದ ಮಟ್ಟಕ್ಕೆ ಇಳಿದರೆ ಸೀಸ ಕರಗಿ, ಉಗಿ ಬೆಂಕಿಗೂಡಿಗೆ ನುಗ್ಗಿ ಚಾಲಕನನ್ನು ಎಚ್ಚರಿಸುತ್ತದೆ. ಅದನ್ನೂ ನೋಡಬೇಕು, ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯನ್ನೂ ನೋಡಬೇಕು, ಹೆಚ್ಚಿನ ಉಗಿಯನ್ನು ಹೊರಬಿಡುವ ಕವಾಟವನ್ನೂ ನೋಡಬೇಕು.

ಅನಂತರ ಬೆಂಕಿ. ಅದನ್ನೂ ಅವಸರದಿಂದ ಹಾಕುವಂತಿಲ್ಲ. ಬಾಯ್ಲರಿನ ಒಂದು ಭಾಗ ಬಿಸಿಯಾಗಿ ಇನ್ನೊಂದು ಭಾಗ ತಣ್ಣಗಿದ್ದರೆ ಉಕ್ಕು ಒಂದೆಡೆ ಹಿಗ್ಗುತ್ತದೆ, ಒಂದೆಡೆ ಹಿಗ್ಗುವುದಿಲ್ಲ. ಕೊಳವೆಯ ಸಂದುಗಳು ಬಿಡುತ್ತವೆ. ಸಣ್ಣ ಉರಿಯಿಟ್ಟು ಗಂಟೆಗಟ್ಟಲೆ ಕಾಯಬೇಕು. ನಮ್ಮ ಮನೆಗಳಲ್ಲಿ ದೊಡ್ಡ ಹಂಡೆಗೆ ಸೌದೆ ಒಟ್ಟಿ ಎಣ್ಣೆಸ್ನಾನದ ನೀರು ಕಾಯಿಸುತ್ತಿದ್ದ ಅಜ್ಜಿಯಂದಿರಿಗೆ ಈ ತಾಳ್ಮೆ ಗೊತ್ತಿತ್ತು. ನೀಲಗಿರಿಯ ಎಂಜಿನ್ನುಗಳಲ್ಲಿ ಕೆಲವಕ್ಕೆ 2000ದ ದಶಕದಿಂದೀಚೆಗೆ ಕಲ್ಲಿದ್ದಲಿನ ಬದಲು ಎಣ್ಣೆಯ ಉರಿ ಅಳವಡಿಸಿದ್ದಾರೆ. ಉರಿ ಯಾವುದಾದರೂ ಕಾಯುವ ನಿಯಮ ಅದೇ.

ಎಂಜಿನ್ ಸಿದ್ಧವಾಯಿತೆನ್ನಿ. ಹಾದಿ? ಕಲ್ಲಾರ್‌ನಿಂದ ಮೇಲೆ ಎರಡೂ ಕಡೆ ದಟ್ಟ ಕಾಡು. ಆನೆಗಳು ಅಡ್ಡ ಹಾಯುವ ಜಾಗ. ಒಂದು ಮಗ್ಗುಲಲ್ಲಿ ಬಂಡೆ, ಇನ್ನೊಂದು ಮಗ್ಗುಲಲ್ಲಿ ಕಣಿವೆ. ಈಶಾನ್ಯ ಮಾರುತದ ಮಳೆ ಅಕ್ಟೋಬರ್‌ನಿಂದ ಸುರಿದು ಮಣ್ಣು ಸಡಿಲವಾಗಿ ಬಂಡೆಗಳು ಹಾದಿಗೆ ಬೀಳುವುದು ಇಲ್ಲಿ ವಾಡಿಕೆ. 2009ರ ನವೆಂಬರ್‌ನ ಮಳೆಯಲ್ಲಿ ನೀಲಗಿರಿಯಲ್ಲಿ ಬೆಟ್ಟಗಳೇ ಜರಿದು ನಲವತ್ತಕ್ಕೂ ಹೆಚ್ಚು ಜನ ಸತ್ತರು. ರೈಲು ಹಾದಿ ಹಲವೆಡೆ ಕೊಚ್ಚಿಹೋಗಿ ತಿಂಗಳುಗಟ್ಟಲೆ ಓಡಾಟ ನಿಂತಿತ್ತು. ದಿನವೂ ಗಾಡಿ ಓಡುವಾಗ ಹಾದಿಯ ಸುದ್ದಿ ದಿನವೂ ತಿಳಿಯುತ್ತದೆ. ಬ್ರೇಕ್‌ಮನ್ ನೋಡುತ್ತಾನೆ, ಗ್ಯಾಂಗ್‌ಮನ್ ನಡೆಯುತ್ತಾನೆ, ಹಲ್ಲುಹಳಿಗೆ ಜಿಡ್ಡು ಬೀಳುತ್ತದೆ. ಗಾಡಿ ನಿಂತಾಗ ಕಾಡು ಹಾದಿಗೆ ಇಳಿಯುತ್ತದೆ. ಹಳಿಗಳ ನಡುವಿನ ಪಟ್ಟಿಯ ಸಂದಿಯಲ್ಲಿ ಒಂದು ಕಲ್ಲುಚೂರು ಸಿಕ್ಕಿಕೊಂಡರೂ ಹಲ್ಲಿನ ಚಕ್ರ ಅದರ ಮೇಲೆ ಹತ್ತಿಬಿಡಬಹುದು. ಆದ್ದರಿಂದ ಹಲ್ಲುಹಳಿಯ ಹಾದಿಯನ್ನು ಮತ್ತೆ ತೆರೆಯುವುದೆಂದರೆ 19 ಕಿಲೋಮೀಟರನ್ನು ಕಾಲ್ನಡಿಗೆಯಲ್ಲಿ, ಹಲ್ಲು ಹಲ್ಲನ್ನೇ ನೋಡುತ್ತ ನಡೆಯುವುದು. ನಾವೆಲ್ಲ ಮನೆಯೊಳಗೆ ಕೂತಿದ್ದ ದಿನಗಳಲ್ಲೂ ಸರಕು ಗಾಡಿಗಳು ಓಡುತ್ತಿದ್ದ ದೇಶದ ಹಳಿಗಳ ಮೇಲೆ ಗ್ಯಾಂಗ್‌ಮನ್‌ಗಳು ನಡೆಯುತ್ತಲೇ ಇದ್ದರು. ಅವರಿಗಾಗಿ ಯಾರೂ ಚಪ್ಪಾಳೆ ತಟ್ಟಿದಂತಿಲ್ಲ.

ಮೂರನೆಯದು ಮನುಷ್ಯರು. ರೈಲ್ವೆಯಲ್ಲಿ ಒಂದು ನಿಯಮವಿದೆ. ಮೂರು ತಿಂಗಳಿಗೂ ಹೆಚ್ಚು ಕಾಲ ಒಂದು ಮಾರ್ಗದಲ್ಲಿ ಗಾಡಿ ಓಡಿಸದ ಚಾಲಕನಿಗೆ ಆ ಮಾರ್ಗವನ್ನು ಮತ್ತೆ ಪರಿಚಯ ಮಾಡಿಸಬೇಕು. ಬಯಲಿನ ಚಾಲಕನಿಗೇ ಈ ಕಟ್ಟುಪಾಡು ಇದ್ದಮೇಲೆ, ಹಲ್ಲುಹಳಿಯ ಚಾಲಕನ ಮಾತೇನು! ಡೀಸೆಲ್, ವಿದ್ಯುತ್ ಎಂಜಿನ್ನುಗಳ ಚಾಲಕರು ದೇಶದಲ್ಲಿ ಸಾವಿರಾರು ಮಂದಿ ಇದ್ದಾರೆ. ಒಬ್ಬರಿಲ್ಲದಿದ್ದರೆ ಇನ್ನೊಬ್ಬರು ಬರುತ್ತಾರೆ. ಉಗಿಯ ಎಂಜಿನ್ನಿನಲ್ಲಿ ಹಲ್ಲುಹಳಿ ಹತ್ತಬಲ್ಲವರು ಈ ಒಂದು ಬೆಟ್ಟದಲ್ಲಿ ಮಾತ್ರ ಇದ್ದಾರೆ. ಅವರು ಕಲಿತದ್ದು ಪುಸ್ತಕದಿಂದಲ್ಲ, ಹಿರಿಯರ ಪಕ್ಕದಲ್ಲಿ ನಿಂತು. ಎಲ್ಲಿ ಉಗಿ ಹೆಚ್ಚಿಸಬೇಕು, ಯಾವ ತಿರುವಿನಲ್ಲಿ ಸೀಟಿ ಹಾಕಿದರೆ ಮುಂದಿನ ಬ್ರೇಕ್‌ಮನ್ನಿಗೆ ಕೇಳಿಸುತ್ತದೆ, ಹಲ್ಲಿನ ಚಕ್ರ ಹಲ್ಲುಹಳಿಯನ್ನು ಕಚ್ಚುವ ಆ ಒಂದು ಗಳಿಗೆಯಲ್ಲಿ ವೇಗ ಎಷ್ಟಿರಬೇಕು ಎಂಬುದೆಲ್ಲ ಕೈಯಲ್ಲಿ ಕೂತಿರುವ ವಿದ್ಯೆ. ಇಂಥ ವಿದ್ಯೆಗೆ ದೀರ್ಘ ರಜೆ ಒಳ್ಳೆಯದಲ್ಲ. ಆ ರಜೆಯಲ್ಲೇ ಒಬ್ಬ ಹಿರಿಯ ನಿವೃತ್ತನಾದರೆ ಅವನ ಪಕ್ಕ ನಿಂತು ಕಲಿಯಬೇಕಿದ್ದವನ ಒಂಬತ್ತು ತಿಂಗಳ ಪಾಠ ಹೋಯಿತೆಂದೇ ಅರ್ಥ.

ಈ ಕಷ್ಟ ನಮ್ಮದು ಮಾತ್ರವಲ್ಲ. ಬ್ರಿಟನ್ನಿನಲ್ಲಿ ಉಗಿ ರೈಲುಗಳನ್ನು ಉಳಿಸಿಕೊಂಡಿರುವುದು ಹೆಚ್ಚಾಗಿ ಸ್ವಯಂಸೇವಕರು. ವೇಲ್ಸಿನ ತಾಲಿಲಿನ್ ಎಂಬ ಸಣ್ಣ ಕಲ್ಲುಗಣಿ ರೈಲನ್ನು 1951ರಲ್ಲಿ ಉತ್ಸಾಹಿಗಳ ಒಂದು ಸಂಘ ವಹಿಸಿಕೊಂಡಿತು. ಜಗತ್ತಿನಲ್ಲಿ ಸ್ವಯಂಸೇವಕರು ಉಳಿಸಿದ ಮೊದಲ ರೈಲು ಅದು. ಅಲ್ಲಿ ಟಿಕೆಟ್ ಕೊಡುವವರು, ಬೆಂಕಿ ಹಾಕುವವರು, ಗಿಡ ಕತ್ತರಿಸುವವರು ಅನೇಕರು ಸಂಬಳವಿಲ್ಲದೆ ದುಡಿಯುವ ನಿವೃತ್ತರು. ಸೋಂಕು ಬಂದಾಗ ಎಲ್ಲರಿಗಿಂತ ಮೊದಲು ಮನೆಯಲ್ಲಿರಿ ಎನಿಸಿಕೊಂಡವರು ಅವರೇ, ಎಪ್ಪತ್ತು ದಾಟಿದವರು. 2020ರ ಜುಲೈ, ಆಗಸ್ಟ್‌ನಲ್ಲಿ ಅಲ್ಲಿನ ರೈಲುಗಳು ಒಂದೊಂದಾಗಿ ತೆರೆದಾಗ ಒಂದು ಕುಟುಂಬಕ್ಕೆ ಒಂದು ಕೋಣೆಯೆಂದು ಟಿಕೆಟ್ ಮಾರಿದರು. ಹಳೆಯ ಕಾಲದ ಬೋಗಿಗಳಲ್ಲಿ ಪ್ರತ್ಯೇಕ ಬಾಗಿಲಿನ ಕೋಣೆಗಳಿದ್ದುದು ಆಗ ಅನುಕೂಲಕ್ಕೆ ಬಂತು. ಅಲ್ಲಿ ಇನ್ನೊಂದು ಪೇಚು. ಬಾಯ್ಲರನ್ನು ಪೂರ್ತಿ ಬಿಚ್ಚಿ ದುರಸ್ತಿ ಮಾಡಿದ ಮೇಲೆ ಹತ್ತು ವರ್ಷಕ್ಕೆಂದು ಒಪ್ಪಿಗೆ ಸಿಗುತ್ತದೆ. ಎಂಜಿನ್ ಓಡಿದರೂ ವರ್ಷ ಕಳೆಯುತ್ತದೆ, ಓಡದಿದ್ದರೂ ಕಳೆಯುತ್ತದೆ. ಸರ್ಕಾರ ಆ ಶರತ್ಕಾಲದಲ್ಲಿ ಸಂಸ್ಕೃತಿ ರಕ್ಷಣೆಯ ನಿಧಿಯಿಂದ ಕೆಲವು ರೈಲುಗಳಿಗೆ ಹಣ ಕೊಟ್ಟಿತು. ಅಲ್ಲಿ ಟಿಕೆಟ್ ಮಾರಾಟವಾಗದಿದ್ದರೆ ರೈಲೇ ಇಲ್ಲ.

ನೀಲಗಿರಿಯ ರೈಲಿಗೆ ಆ ಭಯವಿರಲಿಲ್ಲ. ಅದರ ಹಿಂದೆ ಭಾರತೀಯ ರೈಲ್ವೆ ಇದೆ. ಟಿಕೆಟ್ಟಿನ ಹಣದಲ್ಲಿ ಖರ್ಚು ಹುಟ್ಟುವುದಿಲ್ಲವೆಂಬುದು ರೈಲ್ವೆಗೂ ಗೊತ್ತು, ಬೆಟ್ಟದವರಿಗೂ ಗೊತ್ತು. ಆದರೆ ಇಲ್ಲಿ ಇನ್ನೊಂದು ಬಗೆಯ ಪ್ರಶ್ನೆ ಎದ್ದಿತು, ಅದೂ ತೆರೆಯುವ ಹೊತ್ತಿಗೇ.

2020ರ ಡಿಸೆಂಬರ್ ಮೊದಲ ವಾರ. ಸಾರ್ವಜನಿಕರ ರೈಲು ಇನ್ನೂ ಶುರುವಾಗಿರಲಿಲ್ಲ. ಆಗ ಮೆಟ್ಟುಪಾಳ್ಯದಿಂದ ಊಟಿಗೆ ಒಂದು ಗಾಡಿ ಹೊರಟಿತು. ಖಾಸಗಿಯವರೊಬ್ಬರು ಇಡೀ ರೈಲನ್ನೇ ಬಾಡಿಗೆಗೆ ಹಿಡಿದು, ಬೋಗಿಗಳಿಗೆ ತಮ್ಮ ಹೆಸರು ಹಚ್ಚಿ, ವಿಮಾನದ ಪರಿಚಾರಿಕೆಯರಂತೆ ಸಮವಸ್ತ್ರ ತೊಟ್ಟ ಹುಡುಗಿಯರನ್ನು ನಿಲ್ಲಿಸಿ, ತಲೆಗೆ ಮೂರು ಸಾವಿರ ರೂಪಾಯಿಯಂತೆ ಟಿಕೆಟ್ ಮಾರಿದ್ದರು. ಸುದ್ದಿ ಹರಡಿದೊಡನೆ ತಮಿಳುನಾಡಿನಲ್ಲಿ ಗದ್ದಲವೆದ್ದಿತು. ಬೆಟ್ಟದ ರೈಲನ್ನು ಖಾಸಗಿಯವರಿಗೆ ಮಾರಿಬಿಟ್ಟರೆಂದು ರಾಜಕೀಯ ಪಕ್ಷಗಳು ಆರೋಪಿಸಿದವು. ದಕ್ಷಿಣ ರೈಲ್ವೆ ಅದನ್ನು ಅಲ್ಲಗಳೆಯಿತು: ಮಾರಿಲ್ಲ, ಬಾಡಿಗೆಗೆ ಕೊಟ್ಟಿದ್ದೇವೆ; ಹೀಗೆ ಬಾಡಿಗೆಗೆ ಕೊಡುವುದು ಹಿಂದಿನಿಂದಲೂ ಇರುವ ಪದ್ಧತಿ; ಸಾರ್ವಜನಿಕ ರೈಲು ಮೊದಲಿನಂತೆಯೇ ಓಡುತ್ತದೆ.

ರೈಲ್ವೆ ಹೇಳಿದ್ದು ಸುಳ್ಳಲ್ಲ. ಮದುವೆಗೆ ಬಸ್ಸು ಹಿಡಿಯುವಂತೆ ಹಣ ಕಟ್ಟಿದವರಿಗೆ ರೈಲು ಕೊಡುವ ನಿಯಮ ಇದೆ. ಅದರಿಂದ ಬಂದ ಹಣ ಹಳಿಯ ದುರಸ್ತಿಗೆ ಒದಗಿದರೆ ಯಾರಿಗೂ ತಕರಾರಿರಬೇಕಾಗಿಲ್ಲ. ಆದರೂ ಜನ ಸಿಟ್ಟಾದದ್ದಕ್ಕೆ ಕಾರಣ ಇಲ್ಲದಿರಲಿಲ್ಲ. ಸಾಮಾನ್ಯರಿಗೆ ಸೋಂಕಿನ ಕಾರಣ ಹೇಳಿ ಮುಚ್ಚಿದ ಬಾಗಿಲು, ಮೂರು ಸಾವಿರ ಕೊಡಬಲ್ಲವರಿಗೆ ಕೆಲವು ವಾರ ಮೊದಲೇ ತೆರೆಯಿತು. ರೋಗಕ್ಕೆ ಈ ಭೇದ ಗೊತ್ತಿದೆಯೇ? ನಿಯಮದಲ್ಲಿ ತಪ್ಪಿರಲಿಲ್ಲ, ಅನುಕ್ರಮದಲ್ಲಿ ತಪ್ಪಿತ್ತು. ಗುಡಿಯ ಬಾಗಿಲು ತಿಂಗಳುಗಟ್ಟಲೆ ಮುಚ್ಚಿದ್ದು, ತೆರೆದ ಮೊದಲ ದಿನ ವಿಶೇಷ ದರ್ಶನದ ಚೀಟಿ ಕೊಂಡವರನ್ನು ಮಾತ್ರ ಒಳಗೆ ಬಿಟ್ಟರೆ ಊರವರಿಗೆ ಹೇಗನ್ನಿಸೀತೋ ಬೆಟ್ಟದವರಿಗೂ ಹಾಗೆಯೇ ಅನ್ನಿಸಿತು.

ಏಕೆಂದರೆ ಈ ರೈಲು ಪ್ರವಾಸಿಗರಿಗಷ್ಟೇ ಸೇರಿದ್ದಲ್ಲ. ಕೂನೂರಿನಿಂದ ಊಟಿಗೆ ದಿನಕ್ಕೆ ಕೆಲವು ಸಲ ಓಡಾಡುವ ಗಾಡಿಗಳಲ್ಲಿ ಊರವರೂ ಹತ್ತುತ್ತಾರೆ. ದಾರಿಯಲ್ಲಿರುವ ವೆಲಿಂಗ್ಟನ್ ಸೈನ್ಯದ ಊರು. ಅರುವಂಕಾಡಿನಲ್ಲಿ ಮದ್ದಿನ ಕಾರ್ಖಾನೆ. ಕೇತಿಯ ಕಣಿವೆಯ ಸುತ್ತಮುತ್ತ ಬಡಗರ ಹಳ್ಳಿಗಳು. ಬಡಗರ ಮಾತು ಕನ್ನಡಕ್ಕೆ ಎಷ್ಟು ಹತ್ತಿರವೆಂಬುದು ನಮಗೆ ಗೊತ್ತೇ ಇದೆ. ಬಡಗಣ ದಿಕ್ಕಿನಿಂದ, ಅಂದರೆ ಮೈಸೂರು ಸೀಮೆಯಿಂದ, ಬಂದವರೆಂಬುದೇ ಆ ಹೆಸರಿನ ಅರ್ಥ. ಅವರಿಗೆಲ್ಲ ಇದು ಸಂತೆಗೂ ಶಾಲೆಗೂ ನೆಂಟರ ಮನೆಗೂ ಹೋಗುವ ಗಾಡಿಯಾಗಿತ್ತು. ರಸ್ತೆ, ಬಸ್ಸುಗಳು ಹೆಚ್ಚಿದ ಮೇಲೆ ಅಂಥ ಪ್ರಯಾಣಿಕರು ಕಡಿಮೆಯಾಗಿದ್ದಾರೆ, ನಿಜ. ಆದರೆ ಯುನೆಸ್ಕೊ ಈ ರೈಲುಗಳನ್ನು ಪಟ್ಟಿಗೆ ಸೇರಿಸುವಾಗ, ಇವು ಇಂದಿಗೂ ನಿಜವಾಗಿ ಓಡುತ್ತಿರುವ ರೈಲುಗಳು ಎಂಬುದನ್ನು ಮುಖ್ಯವಾಗಿ ಎಣಿಸಿತ್ತು. ಕಾಣಿಕೆಯ ವಸ್ತುವಾಗಿ ಗಾಜಿನ ಪೆಟ್ಟಿಗೆಯಲ್ಲಿಡುವುದಾದರೆ ಒಂದು ಎಂಜಿನ್ ಸಾಕು, ಮೈಸೂರಿನ ರೈಲು ವಸ್ತುಸಂಗ್ರಹಾಲಯ 1979ರಿಂದ ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದೆ. ಅಲ್ಲಿ ಮಕ್ಕಳು ಎಂಜಿನ್ ಹತ್ತಿ ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಎಂಜಿನ್ನುಗಳಲ್ಲಿ ಬೆಂಕಿ ಹಾಕಬಲ್ಲವರು ಎಷ್ಟು ಮಂದಿ ಉಳಿದಿದ್ದಾರೆಂದು ಯಾರೂ ಕೇಳಬೇಕಾಗಿಲ್ಲ. ಮೆಟ್ಟುಪಾಳ್ಯದಲ್ಲಿ ಅದನ್ನು ದಿನವೂ ಕೇಳಬೇಕು.

ಡಿಸೆಂಬರ್ 31ರಂದು ರೈಲು ಸಾರ್ವಜನಿಕರಿಗೆ ತೆರೆದಾಗ ಎಲ್ಲ ಹಿಂದಿನಂತೆಯೇ ಆಯಿತೆಂದಲ್ಲ. ಆ ಕಾಲದಲ್ಲಿ ದೇಶದಲ್ಲಿ ಓಡುತ್ತಿದ್ದ ಗಾಡಿಗಳೆಲ್ಲ ಬಹುಮಟ್ಟಿಗೆ ವಿಶೇಷ ರೈಲುಗಳೆಂಬ ಹೆಸರಿನವು; ಮುಂಗಡ ಕಾಯ್ದಿರಿಸದೆ ಹತ್ತುವಂತಿರಲಿಲ್ಲ. ಮುಖಗವಸು ಕಡ್ಡಾಯ. ಬೆಟ್ಟಕ್ಕೆ ಬರುವವರು ಜಿಲ್ಲಾಡಳಿತದ ಇ-ಪಾಸ್ ಪಡೆಯಬೇಕಾಗಿದ್ದ ಕಾಲ. ನಿಲ್ದಾಣಕ್ಕೆ ಬಂದು ಕಿಟಕಿಯಲ್ಲಿ ಚೀಟಿ ಕೊಂಡು ಹತ್ತುವ ಸ್ಥಳೀಯನಿಗೆ ಇದರಿಂದ ತೊಂದರೆ. ತಿಂಗಳ ಮೊದಲೇ ಯೋಜನೆ ಹಾಕುವ ಪ್ರವಾಸಿಗೆ ತೊಂದರೆಯಿಲ್ಲ. ಹೀಗೆ ಸೋಂಕಿನ ನಿಯಮಗಳು ತಮಗೆ ಗೊತ್ತಿಲ್ಲದೆಯೇ ರೈಲನ್ನು ಊರವರಿಂದ ಪ್ರವಾಸಿಗರ ಕಡೆಗೆ ಇನ್ನಷ್ಟು ಸರಿಸಿದವು.

ಆದರೂ ಬೆಟ್ಟಕ್ಕೆ ಪ್ರವಾಸಿಗರು ಬೇಡವೆಂದು ಹೇಳುವಂತಿಲ್ಲ. 2020ರಲ್ಲಿ ಊಟಿಯ ಮೇ ತಿಂಗಳ ಹೂವಿನ ಪ್ರದರ್ಶನ ನಡೆಯಲಿಲ್ಲ. ವರ್ಷದ ದುಡಿಮೆಯನ್ನು ಏಪ್ರಿಲ್, ಮೇ ಎರಡು ತಿಂಗಳಲ್ಲಿ ಮಾಡಿಕೊಳ್ಳುವ ಊರು ಅದು. ಕುದುರೆ ಓಡಿಸುವವರು, ಚಾಕೊಲೇಟ್ ಮಾರುವವರು, ನೀಲಗಿರಿ ತೈಲದ ಅಂಗಡಿಯವರು, ಬಾಡಿಗೆ ಕಾರಿನ ಚಾಲಕರು ಎರಡು ಬೇಸಗೆಗಳನ್ನು ಕಳೆದುಕೊಂಡರು. ರೈಲು ನೀರಿಗೆಂದು ನಿಲ್ಲುವ ಹಿಲ್‌ಗ್ರೋವ್‌ನ ಕೋತಿಗಳು ಕೂಡ ಆ ದಿನಗಳಲ್ಲಿ ಪ್ರಯಾಣಿಕರ ಬಿಸ್ಕತ್ತಿಲ್ಲದೆ ಕಾಡಿನ ಹಣ್ಣಿಗೆ ಮರಳಬೇಕಾಯಿತು. ಅವಕ್ಕೆ ಅದು ಒಳ್ಳೆಯದೇ ಇರಬಹುದು. ಡಾರ್ಜಿಲಿಂಗಿನಲ್ಲೂ ಹೀಗೆಯೇ. ನ್ಯೂ ಜಲಪಾಯ್‌ಗುಡಿಯಿಂದ ಡಾರ್ಜಿಲಿಂಗಿಗೆ ಹೋಗುವ ಪೂರ್ಣ ಪ್ರಯಾಣದ ಗಾಡಿ ಮತ್ತೆ ಹೊರಟದ್ದು 2021ರ ಆಗಸ್ಟ್ 25ರಂದು, ಸುಮಾರು ಒಂದೂವರೆ ವರ್ಷದ ಮೇಲೆ.

ಮುಚ್ಚಿದ ರೈಲು ಮತ್ತೆ ತೆರೆದೇ ತೀರುತ್ತದೆಂದು ನಂಬಬೇಕಾಗಿಲ್ಲ. ತೆರೆದರೂ ಅದೇ ರೈಲು ಬರುತ್ತದೆಂದಿಲ್ಲ. ನಮ್ಮ ಸಕಲೇಶಪುರ ಘಾಟಿಯಲ್ಲಿ ಮೀಟರ್ ಗೇಜ್ ಗಾಡಿ 1996ರಲ್ಲಿ ನಿಂತಿತು. ಹಳಿ ಅಗಲವಾಗಿ ಪ್ರಯಾಣಿಕರು ಮತ್ತೆ ಹತ್ತಿದ್ದು 2007ರಲ್ಲಿ. ಒಳ್ಳೆಯದೇ ಆಯಿತು. ಆದರೆ ಹನ್ನೊಂದು ವರ್ಷದಲ್ಲಿ ಆ ಹಳೆಯ ಗಾಡಿ, ಅದರ ನಿಲ್ದಾಣಗಳ ಜೀವನ, ಅದನ್ನು ನಡೆಸುತ್ತಿದ್ದ ಕೈಗಳು ಎಲ್ಲ ಚೆದುರಿಹೋದವು. ಕರ್ನಾಟಕದಲ್ಲಿ ಇಂದು ದಿನನಿತ್ಯ ಓಡುವ ಉಗಿಬಂಡಿ ಒಂದೂ ಇಲ್ಲ. ಮೈಸೂರು, ಅರಸೀಕೆರೆ, ಹಾಸನಗಳ ಶೆಡ್ಡುಗಳಲ್ಲಿ ಬೆಂಕಿ ಹಾಕಿದವರಲ್ಲಿ ಉಳಿದಿರುವವರು ಈಗ ತೀರ ವಯಸ್ಸಾದವರು. ಅವರ ವಿದ್ಯೆ ಬೇಕೆಂದು ಕೇಳುವವರಿಲ್ಲ.

ನೀಲಗಿರಿಯಲ್ಲಿ ಆ ಗತಿ ಬಾರದಂತೆ ನೋಡಿಕೊಂಡದ್ದರಲ್ಲಿ ತಿರುಚಿರಾಪಳ್ಳಿಯ ಪೊನ್ಮಲೈ ರೈಲ್ವೆ ಕಾರ್ಖಾನೆಯ ಪಾಲು ದೊಡ್ಡದು. ಸ್ವಿಸ್ ಎಂಜಿನ್ನುಗಳು ಮುದಿಯಾದಾಗ ಆ ದೇಶದಿಂದ ತರಿ‌ಸಲು ಹೋಗದೆ, ಇದ್ದ ಎಂಜಿನ್ನುಗಳನ್ನೇ ಅಳೆದು ನೋಡಿ, 2011ರಿಂದೀಚೆಗೆ ಅಲ್ಲಿನ ಕೆಲಸಗಾರರು ಅದೇ ಎಕ್ಸ್ ವರ್ಗದ ಹೊಸ ಉಗಿ ಎಂಜಿನ್ನುಗಳನ್ನು ತಯಾರಿಸಿದ್ದಾರೆ. ಇಪ್ಪತ್ತೊಂದನೆಯ ಶತಮಾನದಲ್ಲಿ ಹೊಸ ಉಗಿ ಎಂಜಿನ್ ತಯಾರಿಸುವ ಕಾರ್ಖಾನೆಗಳು ಜಗತ್ತಿನಲ್ಲಿ ಎಷ್ಟಿವೆಯೋ ಬೆರಳಲ್ಲೇ ಎಣಿಸಬಹುದು. ಹಳೆಯದರ ಬಿಡಿಭಾಗ ಮುರಿದರೆ ಅಂಗಡಿಯಲ್ಲಿ ಸಿಗುವುದಿಲ್ಲ. ಎರಕ ಹೊಯ್ಯಬೇಕು, ಹಲ್ಲು ಕೊರೆಯಬೇಕು. ಇದನ್ನು ಬಲ್ಲ ಕಾರ್ಖಾನೆ ಹತ್ತಿರ ಇದ್ದುದರಿಂದಲೇ ಎರಡು ಸಲ ಮಲಗಿದ ರೈಲು ಎರಡು ಸಲವೂ ಎದ್ದಿತು.

2021ರ ಸೆಪ್ಟೆಂಬರ್‌ನಲ್ಲಿ ಎರಡನೆಯ ಸಲ ತೆರೆದ ರೈಲಿಗೆ ಬಿಡುವು ಸಿಕ್ಕಿದ್ದು ಕೆಲವೇ ವಾರ. ಆ ವರ್ಷದ ಈಶಾನ್ಯ ಮಳೆ ಜೋರಾಗಿ ಬಂತು. ಕಲ್ಲಾರ್–ಕೂನೂರು ನಡುವೆ ಹಾದಿಗೆ ಮಣ್ಣು ಬಂಡೆ ಉರುಳಿ ಓಡಾಟ ಮತ್ತೆ ನಿಂತಿತು. ಈ ಸಲ ಕಾರಣ ಹಳೆಯದು, ಪರಿಚಿತವಾದದ್ದು. ಹಾರೆ, ಗುದ್ದಲಿ ಹಿಡಿದು ಗ್ಯಾಂಗ್‌ಮನ್‌ಗಳು ಹಾದಿಗೆ ಇಳಿದರು.